ಪೆಟ್ರೋಲ್ ಹಾಕುವ ಹುಡುಗ ಪೊಲೀಸನಲ್ಲ

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಗ್ರಾಹಕರು ತಮ್ಮ ವಾಹನಕ್ಕೆ ತಾವೇ ಪೆಟ್ರೋಲ್ ತುಂಬಿಸುವಂತಿಲ್ಲ. 1949ರಿಂದಲೂ ಅಲ್ಲಿ ಈ ಕಾನೂನಿದೆ. ಒರೆಗಾನ್ ರಾಜ್ಯವು 1951ರ ಇಂಥದೇ ಕಾನೂನನ್ನು 2023ರಲ್ಲಿ ಸಡಿಲಿಸಿತು. ನಮ್ಮ ಪಂಪುಗಳಲ್ಲಿ ಕೆಲಸದವರೇ ಪೆಟ್ರೋಲ್ ಹಾಕುವುದು ರೂಢಿ. ಅದರಿಂದ ಅನೇಕ ಬಡ ಕುಟುಂಬಗಳ ಒಲೆ ಉರಿಯುತ್ತಿದೆ.

ಆದರೆ ಅವರ ಹೆಗಲಿಗೆ ಆಡಳಿತವು ಮತ್ತೊಂದು ಹೊರೆಯನ್ನೂ ಹೊರಿಸಿದ್ದುಂಟು. 2021ರ ಆಗಸ್ಟ್ 15ರಿಂದ ಹೆಲ್ಮೆಟ್ ಇಲ್ಲದವರಿಗೆ ಪೆಟ್ರೋಲ್ ಇಲ್ಲವೆಂದು ನಾಸಿಕ್ ಪೊಲೀಸರು ಸಾರಿದರು. ಅದೇ ವರ್ಷದ ನವೆಂಬರ್‌ನಲ್ಲಿ, ಆಗ ಔರಂಗಾಬಾದ್ ಎನಿಸಿದ್ದ ಛತ್ರಪತಿ ಸಂಭಾಜಿನಗರದಲ್ಲಿ, ಕೋವಿಡ್ ಲಸಿಕೆಯ ಒಂದು ಡೋಸನ್ನೂ ಪಡೆಯದವರಿಗೆ ಪೆಟ್ರೋಲ್ ಕೊಡಬಾರದೆಂದು ಜಿಲ್ಲಾಧಿಕಾರಿಗಳು ಆದೇಶಿಸಿದರು.

ಉದ್ದೇಶ ಒಳ್ಳೆಯದೇ. ಆದರೆ ಸಿಟ್ಟಿಗೆದ್ದ ಸವಾರನಿಗೆ 'ಇಲ್ಲ' ಎನ್ನಬೇಕಾದವನು ದಂಡ ಹಾಕುವ ಅಧಿಕಾರವಾಗಲಿ, ರಕ್ಷಣೆಯಾಗಲಿ ಇಲ್ಲದ ಪಂಪಿನ ಹುಡುಗ. ಇಂತಹ ಆದೇಶ ಹೊರಡಿಸುವವರು ಅದನ್ನು ಜಾರಿಗೊಳಿಸಲು ತಮ್ಮ ಸಿಬ್ಬಂದಿಯನ್ನೇ ನಿಲ್ಲಿಸಬೇಕು.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ದಿನವಿಡೀ ನಿಂತು ದುಡಿಯುವವರ ಕಷ್ಟ ತಿಳಿಯದ್ದೇನಲ್ಲ. ಸಂಘಗಳ ಸದಸ್ಯ ಬಾಂಧವರು ಹೆಲ್ಮೆಟ್ ಧರಿಸಿಯೇ ಪಂಪಿಗೆ ಹೋಗಲಿ, ಆ ಹುಡುಗನೊಂದಿಗೆ ಎರಡು ಒಳ್ಳೆಯ ಮಾತನಾಡಲಿ.