ಡಬ್ಬಿಯ ಮೇಲಿನ ಅಕ್ಷರ



‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಊಟವನ್ನು ಬಲ್ಲವನಾಗುವುದೆಂದರೆ ಹಿತಮಿತವಾಗಿ ಉಣ್ಣುವುದಷ್ಟೇ ಅಲ್ಲ. ಉಣ್ಣುವ ವಸ್ತುವಿನಲ್ಲಿ ಏನೇನು ಬೆರೆತಿದೆಯೆಂಬುದನ್ನು ಅರಿಯುವುದೂ ಹೌದು. ಈ ಪಾಠವನ್ನು ನಾನು ಅರವತ್ತು ದಾಟಿದ ಮೇಲೆ, ಅದೂ ಪರದೇಶದ ಅಡುಗೆಮನೆಯೊಂದರಲ್ಲಿ ಕಲಿಯಬೇಕಾಯಿತು.

2024ರ ಚಳಿಗಾಲದಲ್ಲಿ ನಾನೂ ನನ್ನ ಧರ್ಮಪತ್ನಿಯೂ ಅಮೆರಿಕೆಯ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಏಳು ವರ್ಷದ ಮೊಮ್ಮಗನಿಗೆ ಸೀಲಿಯಾಕ್ ಎಂಬ ರೋಗ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಅಂಶವು ಸ್ವಲ್ಪ ಹೊಟ್ಟೆಗೆ ಹೋದರೂ ದೇಹದ ರಕ್ಷಣಾಶಕ್ತಿಯೇ ತಿರುಗಿಬಿದ್ದು ಸಣ್ಣ ಕರುಳಿನ ಒಳಪದರವನ್ನು ಕೆಡಿಸುತ್ತದೆ. ಇದಕ್ಕೆ ಜೀವನಪರ್ಯಂತದ ಪಥ್ಯವೇ ಉಪಾಯ. ಕಿರಿಯ ಮೊಮ್ಮಗಳಿಗೆ ಎಳ್ಳು ಆಗದು. ಗ್ಲುಟೆನ್ ಇಲ್ಲದ ಬ್ರೆಡ್ಡು, ಹಿಟ್ಟುಗಳ ಬೆಲೆ ಅಲ್ಲಿ ಬಲು ದುಬಾರಿ. ಆದಕಾರಣ ಉಳಿದ ಸಾಮಾನಿನಲ್ಲಿ ಕೈ ಬಿಗಿಹಿಡಿಯಲೆಂದು ಮಗಳು ದೊಡ್ಡ ಅಂಗಡಿಗಳು ತಮ್ಮದೇ ಹೆಸರಿನಲ್ಲಿ ಮಾರುವ ಅಗ್ಗದ ಡಬ್ಬಿ ತರಕಾರಿಗಳನ್ನು ತರುತ್ತಿದ್ದಳು. ಹುರುಳಿಕಾಯಿ, ಮೆಕ್ಕೆಜೋಳ, ಬಟಾಣಿ, ಕಾಬೂಲಿ ಕಡಲೆ, ಟೊಮೆಟೊ ಹೀಗೆ ಒಂದು ಕಪಾಟು ತುಂಬ ಡಬ್ಬಿಗಳು.

ನಾವು ಹೋದ ಎರಡನೆಯ ವಾರದಲ್ಲಿ ಹುಡುಗನಿಗೆ ಹೊಟ್ಟೆನೋವು, ಭೇದಿ ಆರಂಭವಾದವು. ಮಗಳ ಕಣ್ಣು ಆ ಕಪಾಟಿನ ಮೇಲೆ ಬಿತ್ತು. “ಅಪ್ಪಾಜಿ, ನಾಲ್ಕು ಕಾಸು ಉಳಿಸಲು ಹೋಗಿ ಮಗುವಿಗೆ ಏನು ತಿನ್ನಿಸಿಬಿಟ್ಟೆನೋ! ಇವನ್ನೆಲ್ಲ ಎಸೆದು ನಾಳೆಯಿಂದ ದೊಡ್ಡ ಕಂಪನಿಯದನ್ನೇ ತರುತ್ತೇನೆ” ಎಂದು ಕಣ್ಣೀರಿಟ್ಟಳು. “ಎಸೆಯುವ ಮೊದಲು ಓದೋಣ ತಾಯಿ” ಎಂದೆ. ಮಠದ ಪಾಠಶಾಲೆಯಲ್ಲಿ ತಾಡಪತ್ರಗಳ ಸೂಕ್ಷ್ಮಾಕ್ಷರಗಳನ್ನು ಓದಿದ ಅಭ್ಯಾಸ ನನ್ನದು. ಕನ್ನಡಕ ಏರಿಸಿ, ಡಬ್ಬಿಗಳನ್ನು ಒಂದೊಂದಾಗಿ ಹಿಡಿದು ಕುಳಿತೆ.

ಹುರುಳಿಕಾಯಿ ಡಬ್ಬಿಯಲ್ಲಿ ಇದ್ದುದು ಹುರುಳಿಕಾಯಿ, ನೀರು, ಉಪ್ಪು, ಇಷ್ಟೇ. ಕಡಲೆಯ ಡಬ್ಬಿಯಲ್ಲಿ ಇವುಗಳೊಂದಿಗೆ ಬಣ್ಣ ಕೆಡದಂತೆ ಕಾಯುವ ಡೈಸೋಡಿಯಂ ಇಡಿಟಿಎ. ಟೊಮೆಟೊದಲ್ಲಿ ಹುಳಿಗೆ ಸಿಟ್ರಿಕ್ ಆಮ್ಲ, ಹೋಳುಗಳು ಗಟ್ಟಿಯಾಗಿರಲೆಂದು ಕ್ಯಾಲ್ಸಿಯಂ ಕ್ಲೋರೈಡ್. ಗೋಧಿಯ ಸುಳಿವೇ ಇಲ್ಲ. ದೊಡ್ಡ ಕಂಪನಿಯ ಒಂದು ಡಬ್ಬಿಯೂ ಮನೆಯಲ್ಲಿತ್ತು. ಪಕ್ಕದಲ್ಲಿಟ್ಟು ಹೋಲಿಸಿದರೆ ಒಳಗಿನ ವಸ್ತುಗಳ ಪಟ್ಟಿ ಅಕ್ಷರಶಃ ಒಂದೇ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅಂಗಡಿಯ ಹೆಸರಿನ ಡಬ್ಬಿಗಳನ್ನು ಸಾಮಾನ್ಯವಾಗಿ ಅಂಗಡಿಯವರು ತಾವೇ ತಯಾರಿಸುವುದಿಲ್ಲ. ಕಾರ್ಖಾನೆಗಳಿಂದ ತುಂಬಿಸಿ ತರಿಸುತ್ತಾರೆ. ಜಾಹೀರಾತಿನ ಖರ್ಚು ಉಳಿಯುವುದರಿಂದ ಬೆಲೆ ಇಳಿಯುತ್ತದೆ. ಕಾನೂನು ಮಾತ್ರ ಇಬ್ಬರಿಗೂ ಒಂದೇ. ಅಮೆರಿಕೆಯಲ್ಲಿ 2004ರ ಶಾಸನದಂತೆ ಹಾಲು, ಮೊಟ್ಟೆ, ಮೀನು, ಸೀಗಡಿ-ಏಡಿಗಳು, ಗೋಡಂಬಿ-ಬಾದಾಮಿಯಂತಹ ಬೀಜಗಳು, ಶೇಂಗಾ, ಗೋಧಿ, ಸೋಯಾ ಈ ಎಂಟನ್ನೂ ಚೀಟಿಯ ಮೇಲೆ ಸ್ಪಷ್ಟವಾಗಿ ಹೆಸರಿಸಲೇಬೇಕು. 2021ರ ಶಾಸನದಿಂದ ಎಳ್ಳು ಒಂಬತ್ತನೆಯದಾಗಿ ಸೇರಿ, 2023ರ ಜನವರಿ 1ರಿಂದ ಜಾರಿಗೆ ಬಂದಿದೆ. ‘ಗ್ಲುಟೆನ್ ಮುಕ್ತ’ ಎಂದು ಬರೆದರೆ ಒಂದು ಕಿಲೋದಲ್ಲಿ ಅದು 20 ಮಿಲಿಗ್ರಾಂಗಿಂತ ಕಡಿಮೆ ಇರಬೇಕು.

ಹಾಗಾದರೆ ದೋಷ ಎಲ್ಲಿತ್ತು? ಡಬ್ಬಿಗಳು ಮುಗಿದವು. ಆಮೇಲೆ ಒಗ್ಗರಣೆಯ ಸಾಮಾನು ನೋಡತೊಡಗಿದೆ. ಸಾಸಿವೆ, ಜೀರಿಗೆ, ಅರಿಸಿನ, ಕೊನೆಗೆ ಇಂಗು. ನಾವೇ ಪ್ರೀತಿಯಿಂದ ಊರಿನಿಂದ ಕೊಂಡೊಯ್ದ ಇಂಗಿನ ಡಬ್ಬಿ! ಅದರ ಮೇಲೆ ಇರುವೆಗಾತ್ರದ ಅಕ್ಷರಗಳಲ್ಲಿ ಅಂಟು, ಗೋಧಿ ಹಿಟ್ಟು, ಇಂಗು ಎಂದು ಬರೆದಿತ್ತು. ಶುದ್ಧ ಇಂಗಿನ ಘಾಟು ಅತಿ ತೀಕ್ಷ್ಣವಾದುದರಿಂದ ನಾವು ಅಂಗಡಿಯಲ್ಲಿ ಕೊಳ್ಳುವ ಇಂಗನ್ನು ಹಿಟ್ಟು, ಅಂಟುಗಳೊಡನೆ ಬೆರೆಸಿ ಕೂಡಿಸಿರುತ್ತಾರೆ. ಕೆಲವರು ಅಕ್ಕಿಹಿಟ್ಟು, ಹಲವರು ಗೋಧಿಹಿಟ್ಟು ಬಳಸುತ್ತಾರೆ. ಮಗಳು ಗೋಧಿಯಿಲ್ಲದ ಇಂಗನ್ನು ಬೇರೆಯಾಗಿ ಇಟ್ಟಿದ್ದಳು. ಅದು ತೀರಿದಾಗ ನನ್ನಾಕೆ ಅರಿಯದೆ ಊರಿನ ಇಂಗನ್ನು ದಿನವೂ ಸಾರಿಗೆ ಹಾಕಿದ್ದಳು. ವಿಷಯ ತಿಳಿದಾಗ ಆಕೆ ಆ ರಾತ್ರಿ ಊಟ ಮಾಡಲಿಲ್ಲ. “ಮೊಮ್ಮಗನಿಗೆ ನಾನೇ ಉಣಿಸಿದೆನಲ್ಲ” ಎಂಬ ಸಂಕಟ. “ತಪ್ಪು ನಿನ್ನದಲ್ಲ, ಕೊಂಡು ತಂದವನು ನಾನು, ಓದು ಬಲ್ಲವನೂ ನಾನೇ” ಎಂದೆ. ಇಂಗು ನಿಲ್ಲಿಸಿ ವೈದ್ಯರ ಸಲಹೆಯಂತೆ ನಡೆದ ಮೇಲೆ ಮಗು ಕ್ರಮೇಣ ಚೇತರಿಸಿಕೊಂಡಿತು. ಅಗ್ಗದ ಡಬ್ಬಿಗಳು ಕಪಾಟಿನಲ್ಲೇ ಉಳಿದವು.

ಪರದೇಶದಲ್ಲಿ ಮಕ್ಕಳಿರುವ ಮನೆಗಳು ನಮ್ಮಲ್ಲಿ ಈಗ ಬಹಳ. ಅವರಿಗಾಗಿ ಕೆಲವು ಮಾತುಗಳು.

ಕಡಿಮೆ ವಸ್ತುಗಳ ಡಬ್ಬಿಯೇ ಒಳ್ಳೆಯ ಡಬ್ಬಿ. ತರಕಾರಿ, ನೀರು, ಉಪ್ಪು ಇಷ್ಟೇ ಇದ್ದರೆ ಸಂಶಯಕ್ಕೆ ಎಡೆ ಕಡಿಮೆ. ಸಾಸ್, ಮಸಾಲೆ, ಕೆನೆ ಸೇರಿಸಿದ ಡಬ್ಬಿಗಳಲ್ಲಿ ಹಿಟ್ಟು, ಹಾಲು, ಪಿಷ್ಟಗಳು ಬಂದು ಕೂಡುತ್ತವೆ. ಅಮೆರಿಕೆಯ ಕಾನೂನು ಗೋಧಿಯನ್ನು ಹೆಸರಿಸಲು ಹೇಳುತ್ತದೆಯೇ ಹೊರತು ಬಾರ್ಲಿಯನ್ನಲ್ಲ. ಆದುದರಿಂದ ಸೀಲಿಯಾಕ್ ಇರುವವರು ‘ಮಾಲ್ಟ್’ ಎಂಬ ಶಬ್ದವನ್ನೂ ಹುಡುಕಬೇಕು. ಮೆಕ್ಕೆಜೋಳ ಆಗದವರು ಇನ್ನೂ ಜಾಗರೂಕರಾಗಿರಬೇಕು. ಅದು ಕಡ್ಡಾಯ ಪಟ್ಟಿಯಲ್ಲಿಲ್ಲ.

ಕಳೆದ ತಿಂಗಳು ಓದಿದ್ದೇವೆಂದು ಈ ತಿಂಗಳು ಬಿಡಬಾರದು. ಅಂಗಡಿಯವರು ತುಂಬಿಸುವ ಕಾರ್ಖಾನೆಯನ್ನು ಬದಲಿಸಿದರೆ ಪಟ್ಟಿಯೂ ಬದಲಾಗಬಹುದು. ‘ಇಂಥದ್ದರ ಅಂಶ ಇರಬಹುದು’ ಎಂಬ ಎಚ್ಚರಿಕೆಯನ್ನು ಬರೆಯುವುದು ಅಲ್ಲಿ ಕಡ್ಡಾಯವಲ್ಲ. ಸಂದೇಹವಿದ್ದರೆ ಚೀಟಿಯ ಮೇಲಿನ ದೂರವಾಣಿಗೆ ಕೇಳಬೇಕು.

ನಮ್ಮ ಮನೆತನಗಳಿಗೆ ಇನ್ನೊಂದು ಎಚ್ಚರ ಅಗತ್ಯ. ನಮ್ಮ ದೇಶದಲ್ಲಿರುವ ಸಸ್ಯಾಹಾರದ ಹಸಿರು ಗುರುತು ಅಲ್ಲಿ ಕಡ್ಡಾಯವಿಲ್ಲ. ಬೇಯಿಸಿದ ಬೀನ್ಸ್ ಕಾಳಿನ ಕೆಲವು ಡಬ್ಬಿಗಳಲ್ಲಿ ಹಂದಿಮಾಂಸವೂ, ಅರೆದ ಕಾಳಿನ ಕೆಲವು ಡಬ್ಬಿಗಳಲ್ಲಿ ಹಂದಿಯ ಕೊಬ್ಬೂ ಇರುತ್ತವೆ. ಚಿತ್ರ ನೋಡಿ ಕೊಳ್ಳದೆ ಪಟ್ಟಿ ಓದಿ ಕೊಳ್ಳಬೇಕು.

ಡಬ್ಬಿಯ ನೀರನ್ನು ಬಸಿದು ಕಾಳನ್ನು ತೊಳೆದರೆ ಉಪ್ಪಿನ ಅಂಶ ಮೂರನೇ ಒಂದು ಭಾಗಕ್ಕೂ ಹೆಚ್ಚು ಇಳಿಯುತ್ತದೆ. ಉಬ್ಬಿದ, ಸೋರುವ, ಅಂಚಿನಲ್ಲಿ ಆಳವಾಗಿ ನೆಗ್ಗಿದ ಡಬ್ಬಿಯನ್ನು ಎಷ್ಟೇ ಅಗ್ಗವಾದರೂ ಮುಟ್ಟಬಾರದು. ಒಳಗೆ ಪ್ರಾಣಾಂತಿಕ ವಿಷ ಹುಟ್ಟಿರಬಹುದು, ಅದಕ್ಕೆ ವಾಸನೆಯೂ ಇರಲಿಕ್ಕಿಲ್ಲ.

ಇನ್ನು ಊರಿನಲ್ಲಿರುವ ಹಿರಿಯರಲ್ಲಿ ಒಂದು ವಿನಂತಿ. ಮಕ್ಕಳಿಗೆಂದು ಚಟ್ನಿಪುಡಿ, ಸಾರಿನ ಪುಡಿ, ಇಂಗು, ಹಪ್ಪಳ ಕಟ್ಟಿಕೊಡುವಾಗ ಅದರಲ್ಲಿ ಏನೇನಿದೆಯೆಂದು ಒಂದು ಚೀಟಿ ಬರೆದು ಜೊತೆಗಿಡಿ. ಕಾರ್ಖಾನೆಯವನು ಕಾನೂನಿಗೆ ಅಂಜಿ ಬರೆಯುತ್ತಾನೆ. ನಾವು ಮಮತೆಯಿಂದ ಬರೆಯೋಣ. ಈ ಸಲ ನನ್ನಾಕೆ ಕಳುಹಿಸಿದ ಪುಡಿಯ ಪೊಟ್ಟಣದ ಮೇಲೆ ತನ್ನ ಕೈಯಿಂದಲೇ ಬರೆದಿದ್ದಾಳೆ: ‘ಗೋಧಿ ಇಲ್ಲ, ಎಳ್ಳು ಇಲ್ಲ, ಇಂಗು ಇಲ್ಲ.’