ಬೇಲಿಯೇ ಎದ್ದು ಕಾಡು ಮೇಯ್ದ ಮೇಲೂ

ಹೊಸದಾಗಿ ಮನೆ ಕಟ್ಟಿಸಿದ ನಮ್ಮವರೆಲ್ಲರಿಗೂ ಈಗ ಒಂದೇ ಬಗೆಯ ಬೇಲಿ ಬೇಕಾಗಿದೆ. ಹೊಂಬಣ್ಣದ ಎಲೆಯ ಡ್ಯುರಾಂಟ, ಕೆಂಪೆಲೆಯ ಅಕಾಲಿಫ, ಮಚ್ಚೆಮಚ್ಚೆಯ ಕ್ರೋಟನ್. ನರ್ಸರಿಯವನು ತಂದು ಇಳಿಸುತ್ತಾನೆ, ಮಾಲಿ ದಾರ ಹಿಡಿದು ಸಮನಾಗಿ ಕತ್ತರಿಸುತ್ತಾನೆ, ಮನೆಯ ಯಜಮಾನರು ಅದರ ಮುಂದೆ ನಿಂತು ಚಿತ್ರ ತೆಗೆಸಿ ನನಗೂ ಕಳುಹಿಸುತ್ತಾರೆ. ಶಿಷ್ಯರ ಏಳಿಗೆ ಕಂಡು ಸಂತೋಷಪಡದ ಮೇಷ್ಟರಿಲ್ಲ. ಆದರೆ ಆ ಬೇಲಿಗಳನ್ನು ಕಂಡು ಸಂತೋಷಪಡಲು ನನ್ನಿಂದಾಗದು. ಏಕೆಂಬುದನ್ನು ತುಸು ಖಾರವಾಗಿಯೇ ಹೇಳಬೇಕಾಗಿದೆ. ಮೇಷ್ಟರ ಬಾಯಿ ಎಂದು ಸಹಿಸಿಕೊಳ್ಳಿ.

ಬೇಲಿಗೆ ಎರಡು ಕರ್ತವ್ಯಗಳಿವೆ. ದನಕರುಗಳನ್ನು ಹೊರಗಿಡುವುದು ಒಂದು. ಹಕ್ಕಿ, ಜೇನು, ಚಿಟ್ಟೆ, ಓತಿಕೇತಗಳಿಗೆ ಎಡೆ ಕೊಡುವುದು ಇನ್ನೊಂದು. ಮೊದಲನೆಯದನ್ನು ಕಲ್ಲಿನ ಗೋಡೆಯೂ ಮಾಡೀತು. ಎರಡನೆಯದನ್ನು ಮಾಡಬಲ್ಲುದು ಜೀವಂತ ಬೇಲಿ ಮಾತ್ರ. ವರ್ಷವಿಡೀ ಕತ್ತರಿಗೆ ಸಿಕ್ಕಿ ಹೂವನ್ನೇ ಬಿಡಲಾರದ ಡ್ಯುರಾಂಟ, ಹಸಿರು ಬಣ್ಣ ಬಳಿದ ಗೋಡೆಯೇ ಸರಿ. ಬೆಳೆಯಲು ಬಿಟ್ಟರೆ ಅದೂ ಹೂ ಬಿಟ್ಟು ಹಳದಿ ಗೊಂಚಲು ಹಣ್ಣು ತಳೆಯುತ್ತದೆ. ಆ ಹಣ್ಣು ಮನುಷ್ಯರಿಗೆ ವಿಷ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಮಕ್ಕಳಿರುವ ಮನೆಯವರು ಇದನ್ನು ತಿಳಿದಿರಬೇಕು.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬುದು ನಮ್ಮ ಹಳೆಯ ಗಾದೆ. ಅದು ಅಕ್ಷರಶಃ ನಿಜವಾದ ಕಥೆಯೊಂದಿದೆ. ಅಮೆರಿಕ ಖಂಡದ ಉಷ್ಣವಲಯದ ಲಂಟಾನವನ್ನು 19ನೇ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಬಣ್ಣದ ಹೂ, ಒತ್ತಾದ ಪೊದೆ, ದನ ಮುಟ್ಟದ ಎಲೆ. ಬೇಲಿಗೆ ಇನ್ನೇನು ಬೇಕು? ಉದ್ಯಾನದಿಂದ ಬಂಗಲೆಗೆ, ಬಂಗಲೆಯಿಂದ ಹೊಲದ ಬದುವಿಗೆ ಅದು ಹಬ್ಬಿತು. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಕಾಡಿಗೆ ಒಯ್ದವು. ಹುಲಿ ಬಾಳುವ ನಮ್ಮ ದೇಶದ ಕಾಡುಗಳಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಪ್ರದೇಶವನ್ನು ಲಂಟಾನ ಹೊಕ್ಕಿದೆಯೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಹುಲ್ಲು ಚಿಗುರಬೇಕಾದ ನೆಲವನ್ನು ಅದು ಮುಚ್ಚಿರುವುದನ್ನು ರಸ್ತೆಯಿಂದಲೇ ನೋಡಬಹುದು. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ ಹೆಣೆಯುವುದನ್ನು ಕಲಿತರು. ಅದು ಅವರ ಜಾಣ್ಮೆ. ತಂದವರ ಅಪರಾಧ ಅದರಿಂದ ಕರಗುವುದಿಲ್ಲ.

ಇಷ್ಟಾದ ಮೇಲೂ ನಾವು ಗಿಡ ಆರಿಸುವುದು ಹೇಗೆ? ಅಂದಿನ ಬಂಗಲೆಯವರು ಆರಿಸಿದಂತೆಯೇ. ಚೆನ್ನಾಗಿ ಕಾಣುತ್ತದೆಯೇ, ಬೇಗ ಬೆಳೆಯುತ್ತದೆಯೇ ಎಂಬೆರಡೇ ಪ್ರಶ್ನೆ. ಇದು ಎಲ್ಲಿಯದು, ಯಾರಿಗೆ ಆಹಾರ, ಬೇಲಿ ದಾಟಿ ಹೋದರೆ ಏನು ಮಾಡೀತು ಎಂದು ಕೇಳುವವರಿಲ್ಲ.

ಇದು ಪರದೇಶದ್ದೆಲ್ಲ ಬೇಡವೆಂಬ ಹಟವಲ್ಲ. ನಮ್ಮ ಸಾರಿನ ಮೆಣಸಿನಕಾಯಿಯೂ ಹೊರಗಿನಿಂದ ಬಂದದ್ದೇ. ಅಜ್ಜಿಯ ಕಾಲದಿಂದ ಬದುವಿನಲ್ಲಿರುವ ಕತ್ತಾಳೆ ಮೆಕ್ಸಿಕೋ ಕಡೆಯದು, ಕಡ್ಡಿಕಳ್ಳಿ ಆಫ್ರಿಕದ್ದು. ಹಳೆಯದೆಲ್ಲ ಸ್ವದೇಶಿಯಲ್ಲ, ಪರದೇಶಿಯೆಲ್ಲ ಶತ್ರುವೂ ಅಲ್ಲ. ನನ್ನ ತಕರಾರು ಇಷ್ಟೇ: ಮನೆ ಬಾಗಿಲಲ್ಲಿ ನಮ್ಮದೇ ನೆಲದ ಗಿಡಗಳು ಉಚಿತವಾಗಿ ನಿಂತಿರುವಾಗ ಅವನ್ನು ಕಳೆಯೆಂದು ಕಿತ್ತು, ಯಾರಿಗೂ ಆಗಿಬರದ ಗಿಡವನ್ನು ದುಡ್ಡು ಕೊಟ್ಟು ತರುವುದು ಯಾವ ಬುದ್ಧಿವಂತಿಕೆ?

ಲಂಟಾನದ ಹೂವಿಗೂ ಚಿಟ್ಟೆ ಬರುತ್ತದಲ್ಲ ಎಂದು ಕೆಲವರು ವಾದಿಸುತ್ತಾರೆ. ಬರುತ್ತದೆ, ಮಕರಂದ ಕುಡಿದು ಹೋಗುತ್ತದೆ. ಅದು ಹೋಟೆಲು. ಬಾಣಂತನಕ್ಕೆ ತವರುಮನೆಯೇ ಬೇಕು. ಚಿಟ್ಟೆ ಯಾವ ಹೂವಿನಲ್ಲಾದರೂ ಮಕರಂದ ಹೀರೀತು, ಆದರೆ ಅದರ ಮರಿಹುಳು ತನಗೊಪ್ಪಿದ ಕೆಲವೇ ಗಿಡಗಳ ಎಲೆಯನ್ನು ತಿಂದು ಬೆಳೆಯುತ್ತದೆ. ಎಕ್ಕದ ಎಲೆಯನ್ನು ನೆಚ್ಚಿದ ಚಿಟ್ಟೆಯಿದೆ, ಕರಿಬೇವನ್ನು ನೆಚ್ಚಿದ ಚಿಟ್ಟೆಯಿದೆ, ತಂಗಡಿಯಲ್ಲಿ ಮೊಟ್ಟೆಯಿಡುವ ಚಿಟ್ಟೆಯಿದೆ. ಆ ಗಿಡಗಳು ಹೋದರೆ ಅವೂ ಹೋದವು. ನಿಮ್ಮಲ್ಲಿ ಅನೇಕರಿಂದ ಆಹಾರ ಸರಪಳಿಯ ಚಿತ್ರ ಬರೆಸಿ ಅಂಕ ಕೊಟ್ಟವನು ನಾನು. ಅಂಕ ಪಡೆದವರ ಕಾಂಪೌಂಡಿನಲ್ಲಿ ಆ ಸರಪಳಿಯ ಒಂದು ಕೊಂಡಿಯೂ ಉಳಿದಿಲ್ಲವಾದರೆ, ಓದಿದ್ದು ಪರೀಕ್ಷೆಗಾಗಿ ಮಾತ್ರವೇ?

ಹಾಗಾದರೆ ಏನು ನೆಡಬೇಕು? ಮೊದಲನೆಯದು ಲಕ್ಕಿ. ನೀಲಿ ಛಾಯೆಯ ಹೂಗೊಂಚಲಿಗೆ ಜೇನು ಮುತ್ತುತ್ತದೆ. ಎಲೆ ಬಾಣಂತಿಯ ಸ್ನಾನದ ನೀರಿಗೆ, ಒಣಸೊಪ್ಪಿನ ಹೊಗೆ ಸೊಳ್ಳೆಗೆ, ಕಡ್ಡಿ ಬುಟ್ಟಿಗೆ. ಎರಡನೆಯದು ಆಡುಸೋಗೆ. ಆಡು ಮುಟ್ಟದ ಸೊಪ್ಪಿಲ್ಲವೆಂಬ ಮಾತಿಗೆ ಇದೊಂದು ಅಪವಾದ. ಕೆಮ್ಮಿಗೆ ಹೆಸರಾದ ಈ ಎಲೆಯ ಸಾರವನ್ನು ಆಧರಿಸಿಯೇ ಬ್ರೋಮ್‌ಹೆಕ್ಸಿನ್ ಎಂಬ ಔಷಧ ರೂಪುಗೊಂಡಿತು. (ಗರ್ಭಿಣಿಯರು ಮಾತ್ರ ಇದರ ಕಷಾಯದಿಂದ ದೂರವಿರಬೇಕು.) ನೀರು ಕಡಿಮೆಯಿರುವ ಬಯಲುಸೀಮೆಗೆ ಬಂದರಿಕೆ, ಅದರ ಜೊತೆಗೆ ಚಿನ್ನದ ಹೂವಿನ ತಂಗಡಿ. ನುಸುಳುವವರನ್ನು ತಡೆಯಬೇಕೆಂದರೆ ಕವಳೆ. ಅದರ ಮುಳ್ಳಿನ ಮುಂದೆ ತಂತಿಬೇಲಿ ನಾಚಬೇಕು, ಮೇಲೆ ಉಪ್ಪಿನಕಾಯಿಗೆ ಕಾಯಿಯೂ ಸಿಗುತ್ತದೆ. ಕರಾವಳಿ, ಮಲೆನಾಡಿನವರಿಗೆ ಕೇಪಳವಿದೆ. ಕೆಂಪು ಹೂವಿಗೆ ಸೂರಕ್ಕಿ, ಹಣ್ಣಿಗೆ ಪಿಕಳಾರ ಮತ್ತು ಮಕ್ಕಳು.

ನೆಡುವ ಕ್ರಮವೂ ಕಠಿಣವಲ್ಲ. ಬೇಸಿಗೆಯಲ್ಲೇ ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಕಾಲುವೆ ತೆಗೆದು ಮಣ್ಣನ್ನು ಬಿಸಿಲಿಗೆ ಬಿಡಿ. ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಜೂನ್ ತಿಂಗಳ ಒಳ್ಳೆಯ ಮಳೆಗೆ ಕಾಯಿರಿ. ಲಕ್ಕಿ, ಆಡುಸೋಗೆಗಳನ್ನು ಪೆನ್ಸಿಲಿನ ದಪ್ಪದ, ಗೇಣುದ್ದದ ಕಡ್ಡಿಗಳಿಂದಲೇ ಬೆಳೆಸಬಹುದು. ತಂಗಡಿ, ಬಂದರಿಕೆಗಳ ಬೀಜವನ್ನು ಬಿಸಿನೀರಿನಲ್ಲಿ ನೆನೆಸಿ ಬಿತ್ತಿರಿ. ಕವಳೆಯ ಬೀಜ ಹಳತಾದರೆ ಮೊಳೆಯದು, ಹಣ್ಣಿನಿಂದ ತೆಗೆದ ಕೂಡಲೇ ಹಾಕಬೇಕು. ಎರಡು ಸಾಲುಗಳಲ್ಲಿ, ಮೇಲಿನ ಸಾಲಿನ ಸಂದಿಗೆ ಕೆಳಗಿನ ಸಾಲಿನ ಗಿಡ ಬರುವಂತೆ, ಎರಡಡಿಗೊಂದರಂತೆ ನೆಡಿ; ಕವಳೆಗೆ ಮೂರಡಿ ಕೊಡಿ. ಗಿಡ ಸೊಂಟದೆತ್ತರ ಬಂದಾಗ ಮನಸ್ಸು ಗಟ್ಟಿ ಮಾಡಿ ಮೊಣಕಾಲಿನ ಮಟ್ಟಕ್ಕೆ ಕತ್ತರಿಸಿ. ಹಾಗೆ ಮಾಡದಿದ್ದರೆ ತಲೆ ಬೆಳೆದು ಬುಡ ಬೋಳಾಗುತ್ತದೆ. ಮುಂದೆಯೂ ಬುಡ ಅಗಲ, ತುದಿ ಕಿರಿದಾಗಿರುವಂತೆ ಸವರಿದರೆ ಕೆಳಗಿನ ಎಲೆಗೂ ಬಿಸಿಲು ತಲುಪುತ್ತದೆ. ಹೂವು, ಹಣ್ಣು ಮುಗಿಯುವವರೆಗೆ ಮಾತ್ರ ಕತ್ತರಿ ದೂರವಿರಲಿ. ಮೊದಲ ಬೇಸಿಗೆಗೆ ನೀರು, ಬುಡಕ್ಕೆ ತರಗೆಲೆಯ ಹೊದಿಕೆ ಬೇಕು. ಬಯಲುಸೀಮೆಯ ಗಿಡಗಳು ಆಮೇಲೆ ಹೆಚ್ಚೇನೂ ಕೇಳುವುದಿಲ್ಲ.

ಇಷ್ಟು ಹೇಳಿದರೆ ಬರುವ ಆಕ್ಷೇಪಣೆಗಳನ್ನು ಬಲ್ಲೆ. ಕಳ್ಳರ ಭಯವೇ? ಗೋಡೆ ಕಟ್ಟಿಸಿ, ಅದರಿಂದ ಮೂರಡಿ ಬಿಟ್ಟು ಒಳಗೆ ಬೇಲಿ ನೆಡಿ. ಹಾವಿನ ಭಯವೇ? ಹಾವು ಬರುವುದು ಇಲಿಗಾಗಿ, ಇಲಿ ಬರುವುದು ಎಸೆದ ಅನ್ನಕ್ಕಾಗಿ. ಕಸದ ಗುಂಡಿಯನ್ನು ಮೊದಲು ನೋಡಿಕೊಳ್ಳಿ. ನರ್ಸರಿಯಲ್ಲಿ ಸಿಗುವುದಿಲ್ಲವೇ? ಕೇಳುವವರಿಲ್ಲದೆ ಅವನೇಕೆ ಬೆಳೆಸಿಯಾನು? ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ವಿಚಾರಿಸಿ, ಇಲ್ಲವೇ ಊರಿಗೆ ಹೋದಾಗ ಸೋದರಮಾವನ ಹೊಲದ ಬದುವಿನಿಂದ ನಾಲ್ಕು ಕಡ್ಡಿ ತನ್ನಿ. ಎಲೆ ತೂತಾಗುತ್ತದೆ, ನೋಡಿದವರು ಏನೆಂದಾರು ಎಂಬುದು ಕೊನೆಯ ಆಕ್ಷೇಪಣೆ. ತೂತಾದ ಎಲೆ ಅವಮಾನವಲ್ಲ. ಯಾರೋ ಉಂಡು ಹೋದ ಬಾಳೆಲೆಯದು. ಅತಿಥಿ ಉಂಡ ಎಲೆ ಕಂಡು ನಾಚುವ ಸಂಪ್ರದಾಯ ನಮ್ಮಲ್ಲಿಲ್ಲ.

ಬೇಲಿ ಒಬ್ಬರ ಆಸ್ತಿಯ ಗುರುತಾದರೂ ಅದರ ಫಲ ಬೀದಿಗೆಲ್ಲ ಸಲ್ಲುತ್ತದೆ, ದೋಷವೂ ಹಾಗೆಯೇ. ಲಂಟಾನ ನಮಗೆ ಕಲಿಸಿದ ಪಾಠ ಅದು, ಶುಲ್ಕವನ್ನು ಕಾಡು ಕಟ್ಟಿತು. ಮುಂದಿನ ಮಳೆಗಾಲಕ್ಕೆ ಮೊದಲು ಡ್ಯುರಾಂಟದ ಸಾಲಿನಲ್ಲಿ ಹತ್ತಡಿಯನ್ನಾದರೂ ಕಿತ್ತು ಕಾಲುವೆ ತೋಡಿಡಿ. ಹತ್ತಡಿಗೆ ಹತ್ತು ಕಡ್ಡಿ ಸಾಕು.