ಹೂವಿನ ಹಿಂದಿನ ಹವೆ

ಯಾತ್ರೆಯಿಂದ ಮರಳುವವರ ಕೈಯಲ್ಲಿ ಹಿಂದೆ ಪ್ರಸಾದದ ಪೊಟ್ಟಣವಿರುತ್ತಿತ್ತು. ಈಗ ಅದರೊಡನೆ ಒಂದು ಗಿಡವೂ ಇರುತ್ತದೆ. ಬೆಂಗಳೂರಿನ ಲಾಲಬಾಗಿಗೋ ಕನ್ನಂಬಾಡಿಯ ಬೃಂದಾವನಕ್ಕೋ ಊಟಿಗೋ ಹೋಗಿಬಂದ ಕುಟುಂಬದಲ್ಲಿ ಯಾರಾದರೊಬ್ಬರು, ಬಹುಮಟ್ಟಿಗೆ ಮನೆಯೊಡತಿಯೇ, ಸಸಿಗಳ ಅಂಗಡಿಯಲ್ಲಿ ಮನಸೆಳೆದ ಕೆಂಪು ಆಂಥೂರಿಯಮನ್ನೋ ಎಳೆಯ ಜರೀಗಿಡವನ್ನೋ ಮಡಿಲಲ್ಲಿಟ್ಟು ಕಾಪಾಡಿಕೊಂಡು ರಾತ್ರಿಯಿಡೀ ಪ್ರಯಾಣ ಮಾಡುತ್ತಾಳೆ. ಗಿಡ ಊರು ಸೇರುತ್ತದೆ. ಹತ್ತು ದಿನ ಮನೆಗೆ ಬಂದವರಿಗೆಲ್ಲ ಅದರ ದರ್ಶನವಾಗುತ್ತದೆ. ಆಮೇಲೆ ಎಲೆಯ ಅಂಚು ಕಂದತೊಡಗುತ್ತದೆ. ನೀರು ಹೆಚ್ಚಿಸಿದರೆ ಬುಡ ಕೊಳೆಯುತ್ತದೆ. ಕಡಿಮೆ ಮಾಡಿದರೆ ತುದಿ ಒಣಗುತ್ತದೆ. ತಿಂಗಳು ತುಂಬುವುದರೊಳಗೆ ಕುಂಡ ಬರಿದಾಗುತ್ತದೆ. ‘ನನ್ನ ಕೈಗುಣವೇ ಒಳ್ಳೆಯದಲ್ಲ’ ಎಂದು ಆಕೆ ನೊಂದುಕೊಳ್ಳುತ್ತಾಳೆ. ಗಿಡ ಬೆಳೆಸುವ ಉತ್ಸಾಹವೂ ಅಲ್ಲಿಗೆ ಮುಗಿಯುತ್ತದೆ.

ಈ ಅಪವಾದ ನ್ಯಾಯವಾದುದಲ್ಲ. ತಪ್ಪು ಕೈಯದಲ್ಲ, ಕಣ್ಣಿನದು. ಉದ್ಯಾನದಲ್ಲಿ ಕಣ್ಣು ಹೂವನ್ನು ಕಂಡಿತು. ಹೂವಿನ ಹಿಂದಿದ್ದ ಹವೆಯನ್ನು ಕಾಣಲಿಲ್ಲ.

ವಿಜಯಪುರ ಜಿಲ್ಲೆಯ ಸಿಂದಗಿ ತಾಲೂಕಿನ ಕನ್ನೊಳ್ಳಿಯನ್ನು ದೃಷ್ಟಾಂತವಾಗಿ ಇಟ್ಟುಕೊಂಡರೆ ವಿಷಯ ಸ್ಪಷ್ಟವಾದೀತು. ಭೂಮಧ್ಯರೇಖೆಯ ಎರಡೂ ಬದಿಗೆ ಇಪ್ಪತ್ತಮೂರೂವರೆ ಡಿಗ್ರಿಗಳವರೆಗೆ ಹರಡಿದ ಪಟ್ಟಿಗೆ ಉಷ್ಣವಲಯವೆಂದು ಹೆಸರು. ಕನ್ನೊಳ್ಳಿ ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದುದರಿಂದ ‘ಇದು ಉಷ್ಣವಲಯದ ಸಸ್ಯ’ ಎಂದು ಅಂಗಡಿಯವನು ಹೇಳಿದಾಗ, ಹಾಗಾದರೆ ತಮ್ಮೂರಿನ ಬಿಸಿಲಿಗೆ ಇದು ತಕ್ಕುದೆಂದು ಕೊಳ್ಳುವವರು ಭಾವಿಸುವುದು ಸಹಜ. ಆದರೆ ಉಷ್ಣವಲಯವೆಂಬುದು ಎರಡು ಅಂಕಣಗಳ ಮನೆ. ಒಂದು ಅಂಕಣ ಸದಾ ತೇವ, ಇನ್ನೊಂದು ವರ್ಷದ ಬಹುಭಾಗ ಒಣ. ನಮ್ಮ ನಾಡಿನೊಳಗೇ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ವಿಜಯಪುರ ಜಿಲ್ಲೆಗೆ ಬರುವುದು ಸುಮಾರು 600 ಮಿ.ಮೀ. ಮಾತ್ರ. ಆಂಥೂರಿಯಮಿನ ತವರು ದಕ್ಷಿಣ ಅಮೆರಿಕದ ಕೊಲಂಬಿಯಾ, ಈಕ್ವೆಡಾರ್ ದೇಶಗಳ ಮಳೆಕಾಡು. ಹೆಮ್ಮರಗಳ ನೆರಳಿನಲ್ಲಿ, ಒದ್ದೆ ಗಾಳಿಯನ್ನು ಕುಡಿದು ಬೆಳೆದ ಆ ಗಿಡವನ್ನು ಏಪ್ರಿಲಿನ ನಲವತ್ತು ಡಿಗ್ರಿಯ ಒಣಗಾಳಿಗೆ ಒಡ್ಡಿದರೆ, ಬೇರು ಕಳುಹಿಸುವ ನೀರಿಗಿಂತ ಎಲೆ ಕಳೆದುಕೊಳ್ಳುವ ನೀರೇ ಹೆಚ್ಚಾಗುತ್ತದೆ. ಬುಡಕ್ಕೆ ಕೊಡಗಟ್ಟಲೆ ಸುರಿದರೂ ಎಲೆಯ ಬಾಯಾರಿಕೆ ತೀರದು.

ಹಾಗೆಂದು ಉದ್ಯಾನಗಳಿಗೆ ಹೋಗುವುದು ವ್ಯರ್ಥವಲ್ಲ. ಹೋಗಬೇಕು, ಓದಬಲ್ಲ ಕಣ್ಣಿಟ್ಟುಕೊಂಡು ಹೋಗಬೇಕು. ಲಾಲಬಾಗನ್ನೇ ನೋಡಿ. 1760ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಬೆಳೆಸಿದ ಆ ತೋಟ 1856ರಲ್ಲಿ ಸರಕಾರದ ಸಸ್ಯೋದ್ಯಾನವಾಯಿತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ತಜ್ಞ ಕ್ರುಂಬಿಗಲ್ ಅದಕ್ಕೂ ಬೆಂಗಳೂರಿನ ಬೀದಿಗಳಿಗೂ ಹೊಸ ರೂಪ ಕೊಟ್ಟರು. ಒಂದು ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಯೋಜಿಸಿದರು. ಈಗ 240 ಎಕರೆಯಷ್ಟಿರುವ ಈ ತೋಟದಲ್ಲಿ ನಾನಾ ಖಂಡಗಳ ಮರಗಳಿವೆ. ಅವುಗಳ ಮುಂದೆ ಛಾಯಾಚಿತ್ರ ತೆಗೆಸಿಕೊಳ್ಳುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಈ ಗಿಡದ ತವರು ಯಾವುದು? ಇದರ ಮೇಲೆ ಯಾವ ಮರದ ನೆರಳಿದೆ? ಬುಡದ ಮಣ್ಣು ತೇವವೋ ಒಣಗಿದೆಯೋ? ಎಲೆ ತೆಳುವೋ ದಪ್ಪವೋ? ತೆಳ್ಳನೆಯ ಅಗಲವಾದ ಎಲೆ ಬಹುಮಟ್ಟಿಗೆ ತೇವದ ಅಂಕಣದ್ದು. ದಪ್ಪ ಎಲೆ, ಉಬ್ಬಿದ ಕಾಂಡ, ಮುಳ್ಳು, ಬೇಸಗೆಯಲ್ಲಿ ಎಲೆ ಉದುರಿಸುವ ಗುಣ ಇವೆಲ್ಲ ಒಣ ಅಂಕಣದ ಗುರುತುಗಳು. ಹೆಸರಿನ ಫಲಕ ಹೇಳದಿದ್ದುದನ್ನು ಎಲೆಯೇ ಹೇಳುತ್ತದೆ.

ದೂರದ ಉದ್ಯಾನಕ್ಕಿಂತ ಮೊದಲು ಹತ್ತಿರದ್ದನ್ನು ನೋಡುವುದು ಇನ್ನೂ ಜಾಣತನ. ಕೃಷ್ಣೆಯ ದಂಡೆಯ ಆಲಮಟ್ಟಿ ಜಲಾಶಯದ ಬಳಿ ವಿಶಾಲವಾದ ಉದ್ಯಾನಗಳಿವೆ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಅಲ್ಲಿ ಬಯಲು ಬಿಸಿಲಿನಲ್ಲಿ ನಗುತ್ತಿರುವ ಗಿಡ ಕನ್ನೊಳ್ಳಿಯ ಅಂಗಳದಲ್ಲಿಯೂ ನಕ್ಕೀತು. ನೂರಾರು ಮೈಲಿ ಆಚೆಯ ಊಟಿಯ ಚಳಿಯಲ್ಲಿ ಅರಳಿದ ಹೂವಿನ ಬಗ್ಗೆ ಇಂಥ ಭರವಸೆ ಹೇಳಲಾಗದು.

ಒಣಸೀಮೆಗೆ ತಕ್ಕ ಚೆಲುವಿಗೆ ಕೊರತೆಯೇನೂ ಇಲ್ಲ. ಗುಡಿಯ ಅಂಗಳಗಳಲ್ಲಿ ಕಾಣುವ ದೇವಕಣಗಿಲೆ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕಗಳಿಂದ ಬಂದುದೆಂದರೆ ಅನೇಕರಿಗೆ ಆಶ್ಚರ್ಯವಾದೀತು. ಕೊಬ್ಬಿದ ಕೊಂಬೆಗಳಲ್ಲಿ ರಸ ಕೂಡಿಟ್ಟು, ಎಲೆಯುದುರಿಸಿ, ಬರವನ್ನು ಅದು ಉಪವಾಸದಂತೆ ಕಳೆಯುತ್ತದೆ. ಕಾಗದದ ಹೂವಿನ ಬಳ್ಳಿಯನ್ನು ಫ್ರೆಂಚ್ ಸಸ್ಯಶಾಸ್ತ್ರಜ್ಞ ಕೊಮರ್ಸನ್ 1767ರಲ್ಲಿ ಬ್ರೆಜಿಲಿನಲ್ಲಿ ಸಂಗ್ರಹಿಸಿದ. ತನ್ನ ನೌಕಾಯಾತ್ರೆಯ ನಾಯಕನಾದ ಬೂಗನ್‌ವಿಲ್ಲನ ಹೆಸರೇ ಅದಕ್ಕೆ ಬಂದಿತು. ಆ ಯಾತ್ರೆಯಲ್ಲಿ ಅವನ ಸಹಾಯಕಿಯಾಗಿದ್ದ ಜಾನ್ ಬಾರೆ ಎಂಬ ಹೆಂಗಸು ಗಂಡುವೇಷದಲ್ಲಿ ಹಡಗೇರಿದ್ದಳು. ಈ ಬಳ್ಳಿಯ ಗುಣ ವಿಚಿತ್ರ: ಬೇರೂರಿದ ಮೇಲೆ ನೀರನ್ನು ಹಿಡಿತದಲ್ಲಿಟ್ಟಷ್ಟೂ ಬಣ್ಣ ತುಂಬುತ್ತದೆ, ಅತಿಯಾಗಿ ಉಣಿಸಿದರೆ ಬರಿಯ ಎಲೆಯಾಗುತ್ತದೆ. ಆಫ್ರಿಕ ಮತ್ತು ಅರೇಬಿಯದ ಒಣನೆಲದ ಅಡೇನಿಯಮ್ ಕುಂಡದಲ್ಲಿಯೇ ದಪ್ಪ ಬುಡ ಕಟ್ಟಿ ಗುಲಾಬಿ ಬಣ್ಣದ ಹೂ ಬಿಡುತ್ತದೆ. ಅದರ ಹಾಲು ವಿಷವಾದುದರಿಂದ ಮಕ್ಕಳ ಕೈಗೆ ಎಟುಕದಂತೆ ಇಡತಕ್ಕದ್ದು. ಆಫ್ರಿಕದಿಂದಲೇ ಬಂದು ಕಾಂಡದಲ್ಲಿ ನೀರು ತುಂಬಿಕೊಂಡು ಬಾಳುವ ದೊಡ್ಡ ಹುಣಸೆಯ ಮಹಾವೃಕ್ಷಗಳು ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಇವೆ. ಅವು ಅಂಗಳಕ್ಕೆ ತರುವಂಥವಲ್ಲ. ಆದರೆ ಪರದೇಶದ ಗಿಡ ಸರಿಯಾದ ಹವೆ ಸಿಕ್ಕರೆ ಎಷ್ಟು ಗಟ್ಟಿಯಾಗಿ ನೆಲೆಯೂರಬಲ್ಲದೆಂಬುದಕ್ಕೆ ಅವೇ ಸಾಕ್ಷಿ.

ಇಂಡಿಯ ಲಿಂಬೆ ಇನ್ನೊಂದು ಪಾಠ ಹೇಳುತ್ತದೆ. ಲಿಂಬೆಯ ಮೂಲ ಈಶಾನ್ಯ ಭಾರತ ಮತ್ತು ಆಗ್ನೇಯ ಏಷ್ಯದ ತೇವಸೀಮೆಯ ಕಡೆಯದೆಂದು ಸಸ್ಯಶಾಸ್ತ್ರಜ್ಞರ ಅಭಿಪ್ರಾಯ. ಆದರೂ ಭೀಮಾತೀರದ ಈ ಒಣನೆಲದಲ್ಲಿ ಅದು ಒಗ್ಗಿ, ‘ಇಂಡಿ ಲಿಂಬೆ’ ಎಂದು ಭೌಗೋಳಿಕ ಸೂಚಕದ ಮನ್ನಣೆಯನ್ನೂ ಪಡೆಯಿತು. ಬೇರಿಗೆ ಬಾವಿಯ ನೀರು ದೊರೆತ ಮೇಲೆ ಒಣಗಾಳಿ ಅದಕ್ಕೆ ಕೇಡಾಗಲಿಲ್ಲ. ಮಳೆ-ಗಾಳಿಗಳಿಂದ ಹಬ್ಬುವ ಕಜ್ಜಿರೋಗಕ್ಕೆ ತಡೆಯೇ ಆಯಿತು. ಅಂದರೆ ಕೆಲವು ಗಿಡಗಳಿಗೆ ಬೇಕಾದುದು ಬೇರಿನ ತೇವ, ಕೆಲವಕ್ಕೆ ಎಲೆಯ ತೇವ. ಮೊದಲನೆಯದನ್ನು ಮನುಷ್ಯ ಸುಲಭವಾಗಿ ಕೊಡಬಲ್ಲ. ಎರಡನೆಯದಕ್ಕೆ ಉಪಾಯ ಬೇಕು.

ಆ ಉಪಾಯ ಈ ಸೀಮೆಗೆ ಹೊಸದಲ್ಲ. ವಿಜಯಪುರದ ಪೂರ್ವಕ್ಕಿರುವ ಕುಮಟಗಿಯಲ್ಲಿ ಆದಿಲಶಾಹಿ ಅರಸರು ಕೆರೆಯ ಮಗ್ಗುಲಿಗೆ ಬೇಸಗೆಯ ವಿಹಾರಮಂದಿರಗಳನ್ನು ಕಟ್ಟಿಸಿ, ಕೊಳವೆಗಳಲ್ಲಿ ನೀರು ಹಾಯಿಸಿ, ಮೇಲಿನಿಂದ ಸಣ್ಣ ಹನಿಗಳಾಗಿ ಸುರಿಯುವಂತೆ ಮಾಡಿದ್ದರು. ಆರಿಹೋಗುವ ನೀರು ಗಾಳಿಯ ಕಾವನ್ನು ಕುಡಿದುಬಿಡುತ್ತದೆಂಬ ತತ್ವವೇ ಅಲ್ಲಿಯದು. ಮಣ್ಣಿನ ಹರವಿಯ ನೀರು ತಣ್ಣಗಿರುವುದೂ ಇದರಿಂದಲೇ. ಆಂಥೂರಿಯಮ್, ಜರೀಗಿಡಗಳನ್ನು ಬಿಡಲೊಲ್ಲದ ಗೃಹಿಣಿ ಕುಮಟಗಿಯನ್ನೇ ತನ್ನ ಹಿತ್ತಲಲ್ಲಿ ಚಿಕ್ಕದಾಗಿ ಕಟ್ಟಿಕೊಳ್ಳಬಹುದು. ಬಚ್ಚಲಿನ ಹತ್ತಿರ ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ, ಪಡುವಣ ಗಾಳಿ ತಾಗದ ಮೂಲೆಯನ್ನು ಆರಿಸಬೇಕು. ಗಿಡದ ಮಣ್ಣಿನ ಕುಂಡವನ್ನು ಇನ್ನೊಂದು ದೊಡ್ಡ ಕುಂಡದೊಳಗಿಟ್ಟು ನಡುವಿನ ತೆರಪಿಗೆ ಉಸುಕು ತುಂಬಿ, ಆ ಉಸುಕನ್ನು ಹಸಿಯಾಗಿಡಬೇಕು. ನಾಲ್ಕಾರು ಕುಂಡಗಳನ್ನು ಒತ್ತೊತ್ತಾಗಿ ಇಟ್ಟರೆ ಒಂದರ ಉಸಿರಿನ ತೇವ ಇನ್ನೊಂದಕ್ಕೆ ಆಸರೆ. ಮಧ್ಯಾಹ್ನ ಎದುರಿಗೆ ಒದ್ದೆ ಗೋಣಿತಟ್ಟು ಇಳಿಬಿಟ್ಟರೆ ಇನ್ನೂ ಮೇಲು.

ಗಾಜಿನ ಉಪಾಯವೂ ಒಂದುಂಟು. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಮುಚ್ಚಿದ ಸೀಸೆಯೊಂದರ ಹಸಿಮಣ್ಣಿನಲ್ಲಿ ಜರೀಗಿಡ ತಾನಾಗಿ ಹುಟ್ಟಿ ಬದುಕಿದುದನ್ನು ಕಂಡ. ಎಲೆ ಬಿಟ್ಟ ಹಬೆ ಗಾಜಿಗೆ ತಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಅದೇ ಮಾದರಿಯ ಗಾಜಿನ ಪೆಟ್ಟಿಗೆಗಳಲ್ಲಿ ಮುಂದೆ ಚಹದ ಸಸಿಗಳು ಚೀನದಿಂದ ಭಾರತಕ್ಕೆ ಸಾಗಿಬಂದವು. ಎಳೆಯ ಜರೀಗಿಡಕ್ಕೆ ಅಗಲ ಬಾಯಿಯ ಗಾಜಿನ ಭರಣಿ ಇಂದಿಗೂ ಒಳ್ಳೆಯ ಮನೆಯೇ. ಆದರೆ ಕನ್ನೊಳ್ಳಿಯ ಬಿಸಿಲು ಆ ಭರಣಿಗೆ ನೇರವಾಗಿ ಬಿದ್ದರೆ ಒಳಗಿನ ಗಿಡ ಬೆಂದುಹೋಗುತ್ತದೆಂಬುದನ್ನು ಮರೆಯಬಾರದು. ಚಳಿದೇಶದವರಿಗೆ ಗಾಜು ಕಂಬಳಿ. ಬಿಸಿಲಸೀಮೆಯಲ್ಲಿ ಅದು ಒಲೆ.

ಮಣ್ಣಿನ ಮಾತು ಉಳಿದಿದೆ. ಹೊಲಕ್ಕೆ ಭಾಗ್ಯವಾದ ಎರೆಮಣ್ಣು ಕುಂಡಕ್ಕೆ ಒಂಟಿಯಾಗಿ ಒಗ್ಗದು. ನೆನೆದರೆ ಉಬ್ಬಿ ಬೇರಿನ ಉಸಿರು ಕಟ್ಟಿಸುತ್ತದೆ. ಒಣಗಿದರೆ ಬಿರಿದು ಎಳೆಬೇರನ್ನು ಹರಿಯುತ್ತದೆ. ಕೆಂಪುಮಣ್ಣು, ಉಸುಕು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರಗಳನ್ನು ಸಮಪಾಲಾಗಿ ಬೆರೆಸುವುದು ಹಿತ. ಗಡಸುನೀರಿನಿಂದ ಕುಂಡದ ಮೈಮೇಲೆ ಬಿಳಿಯ ಉಪ್ಪು ಕಟ್ಟಿದರೆ, ಮಳೆಗಾಲದಲ್ಲಿ ಮಾಳಿಗೆಯಿಂದ ಇಳಿವ ನೀರು ಹಿಡಿದು ಎರಡು ಮೂರು ಸಲ ಧಾರಾಳವಾಗಿ ಹಾಯಿಸಬೇಕು.

ಗಿಡ ತರುವಾಗಲೂ ಒಂದು ರೀತಿಯುಂಟು. ಬೇರಿನ ಮಣ್ಣು ಕದಲದಂತೆ ಒದ್ದೆ ಅರಿವೆ ಸುತ್ತಿ ತರಬೇಕು. ಬಂದ ಕೂಡಲೇ ಕುಂಡ ಬದಲಿಸದೆ ಒಂದು ವಾರ ನೆರಳಲ್ಲಿ ಇಡಬೇಕು. ದೇವಕಣಗಿಲೆಯ ಕೊಂಬೆಯನ್ನಾದರೆ ಹಾಲು ಆರುವವರೆಗೆ ಕೆಲವು ದಿನ ಒಣಗಿಸಿ ನೆಡತಕ್ಕದ್ದು. ಕದ್ದು ತಂದ ಗಿಡ ಬೇಗ ಚಿಗುರುತ್ತದೆಂಬ ಮಾತು ಕೆಲವರಲ್ಲಿದೆ. ಹಾಗೆ ನಂಬಿದವರು ಒಬ್ಬೊಬ್ಬರು ಒಂದೊಂದು ಕೊಂಬೆ ಮುರಿದರೆ ಸಾರ್ವಜನಿಕ ಉದ್ಯಾನದಲ್ಲಿ ಉಳಿಯುವುದು ಫಲಕಗಳು ಮಾತ್ರ. ಪರದೇಶದಿಂದ ಬರುವವರಂತೂ ಪರವಾನಿಗೆಯಿಲ್ಲದೆ ಗಿಡ, ಬೀಜ ತರಕೂಡದು. 2003ರ ಸಸ್ಯ ಸಂಪರ್ಕನಿಷೇಧ ಆದೇಶ ಅದಕ್ಕೆ ಕಟ್ಟುಪಾಡು ವಿಧಿಸಿದೆ. ಇದು ಬರಿಯ ಕಾಗದದ ನಿಯಮವಲ್ಲ. 1955ರ ಸುಮಾರಿಗೆ ಪುಣೆಯಲ್ಲಿ ಗುರುತಿಸಲ್ಪಟ್ಟ ಅಮೆರಿಕ ಮೂಲದ ಒಂದು ಕಳೆ ಇಂದು ‘ಕಾಂಗ್ರೆಸ್ ಕಸ’ವೆಂಬ ಹೆಸರಿನಿಂದ ಹೊಲ-ಬದುಗಳನ್ನೆಲ್ಲ ಆಕ್ರಮಿಸಿ, ಮುಟ್ಟಿದವರಿಗೆ ತುರಿಕೆ ತರುತ್ತಿರುವುದನ್ನು ಈ ಭಾಗದ ರೈತರು ಬಲ್ಲರು.

ಕೊನೆಯದಾಗಿ ನೀರಿನ ಪ್ರಶ್ನೆ. ಬೇಸಗೆಯಲ್ಲಿ ಕೊಡಗಳು ಸಾಲುಗಟ್ಟುವ ಸೀಮೆಯಲ್ಲಿ ಹೂವಿನ ಗಿಡಕ್ಕೆ ನೀರೆರೆಯುವುದು ಸರಿಯೇ ಎಂದು ಮನೆಯ ಹಿರಿಯರು ಕೇಳಿದರೆ ಅದನ್ನು ತಳ್ಳಿಹಾಕುವಂತಿಲ್ಲ. ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ದಿನವೂ ಮೋರಿಗೆ ಹೋಗುತ್ತದೆ. ಅದರಿಂದ ಬಾಳುವಷ್ಟು ಗಿಡಗಳನ್ನು ಮಾತ್ರ ಇಟ್ಟುಕೊಂಡ ಮನೆಯಲ್ಲಿ ಆ ಪ್ರಶ್ನೆಯೇ ಏಳದು. ಒಣ ಅಂಕಣದ ಐದು ಗಿಡ, ತೇವದ ಅಂಕಣದ್ದು ಒಂದೋ ಎರಡೋ, ಇದು ಕನ್ನೊಳ್ಳಿಯಂಥ ಊರಿಗೆ ಒಪ್ಪುವ ಲೆಕ್ಕ. ಗಿಡದ ತವರನ್ನು ಅರಿತು, ತನ್ನ ಮನೆಯ ನೀರನ್ನು ಅಳೆದು, ಆಮೇಲೆ ಕೈಚಾಚುವುದಕ್ಕೇ ಕೈಗುಣವೆಂದು ಹೆಸರು. ಅದು ಹುಟ್ಟಿನಿಂದ ಬರುವುದಲ್ಲ, ಕಲಿತವರಿಗೆಲ್ಲ ದಕ್ಕುತ್ತದೆ.